ಸೇನೆಯ ಬಜೆಟ್‌ನಲ್ಲಿ ಸ್ತನ ಕ್ಯಾನ್ಸರ್

1992ರಲ್ಲಿ ಅಮೆರಿಕದ ಸಂಸತ್ತು ಸ್ತನ ಕ್ಯಾನ್ಸರ್‌ಗಾಗಿ 21 ಕೋಟಿ ಡಾಲರ್ ಎತ್ತಿಟ್ಟಿತು. ದುಡ್ಡು ಹೋದದ್ದು ಆರೋಗ್ಯ ಇಲಾಖೆಗಲ್ಲ, ಭೂಸೇನೆಗೆ!

ಅದರ ಹಿಂದೆ ಹೆಂಗಸರ ಹಲವು ವರ್ಷಗಳ ಸಿಟ್ಟಿತ್ತು. ಆಸ್ಪಿರಿನ್ ಹೃದಯಾಘಾತವನ್ನು ತಡೆಯುತ್ತದೆಯೇ ಎಂದು ತಿಳಿಯಲು 1980ರ ದಶಕದಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ ಪಾಲ್ಗೊಂಡ 22,071 ವೈದ್ಯರೂ ಗಂಡಸರೇ. ಸಂಶೋಧನೆಯಲ್ಲಿ ಮಹಿಳೆಯರನ್ನೂ ಸೇರಿಸಿಕೊಳ್ಳಬೇಕೆಂದು 1986ರಲ್ಲಿ ತಾನೇ ಮಾಡಿದ ನೀತಿಯನ್ನು ರಾಷ್ಟ್ರೀಯ ಆರೋಗ್ಯ ಸಂಸ್ಥೆ ಸರಿಯಾಗಿ ಜಾರಿಗೆ ತಂದಿಲ್ಲವೆಂದು 1990ರಲ್ಲಿ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ ಬಯಲು ಮಾಡಿತು.

ಮರುವರ್ಷ ರಾಷ್ಟ್ರೀಯ ಸ್ತನ ಕ್ಯಾನ್ಸರ್ ಒಕ್ಕೂಟ ಹುಟ್ಟಿತು. ಅದರ ಮುಂದಾಳು ಫ್ರಾನ್ ವಿಸ್ಕೋ ಫಿಲಡೆಲ್ಫಿಯಾದ ವಕೀಲೆ. 1987ರಲ್ಲಿ ಅವರಿಗೂ ಇದೇ ರೋಗ ಬಂದಿತ್ತು. 1991ರಲ್ಲಿ ರೋಗ ಪತ್ತೆಯಾಗಬಹುದೆಂದು ಅಂದಾಜಿದ್ದ ಒಬ್ಬೊಬ್ಬ ಮಹಿಳೆಯ ಲೆಕ್ಕಕ್ಕೆ ಒಂದರಂತೆ ಸರ್ಕಾರಕ್ಕೆ 1,75,000 ಪತ್ರ ಬರೆಸಬೇಕೆಂದು ಒಕ್ಕೂಟ ಹೊರಟಿತು. ಬಂದು ಬಿದ್ದದ್ದು ಸುಮಾರು 6 ಲಕ್ಷ. ಆಮೇಲೆ ವಿಜ್ಞಾನಿಗಳನ್ನೇ ಕರೆಸಿ, ಸಂಶೋಧನೆಗೆ ಇನ್ನೆಷ್ಟು ಹಣ ಬೇಕೆಂದು ಕೇಳಿತು. 30 ಕೋಟಿ ಡಾಲರ್ ಎಂಬ ಲೆಕ್ಕ ಸಿಕ್ಕಿತು.

ಆದರೆ ಅಷ್ಟು ಹಣ ಹೊಂದಿಸಲು ರಕ್ಷಣಾ ಖಾತೆಯ ದುಡ್ಡನ್ನು ನಾಗರಿಕ ಬಾಬತ್ತಿಗೆ ತಿರುಗಿಸೋಣವೆಂದರೆ 1990ರ ಬಜೆಟ್ ಕಾಯ್ದೆ ಅಡ್ಡ ಬಂತು. ಇಬ್ಬರು ಸಹೋದರಿಯರನ್ನು ಇದೇ ಕಾಯಿಲೆಗೆ ಕಳೆದುಕೊಂಡಿದ್ದ ಸೆನೆಟರ್ ಟಾಮ್ ಹಾರ್ಕಿನ್ ಒಳದಾರಿ ಹುಡುಕಿದರು. ಸೇನೆಯಲ್ಲಿ ಸ್ತನ ತಪಾಸಣೆಗೆಂದು ಅದಾಗಲೇ 2.5 ಕೋಟಿ ಡಾಲರಿನ ಬಾಬತ್ತೊಂದಿತ್ತು. ಅದನ್ನೇ ಹಿಗ್ಗಿಸಿದರು.

ಇಷ್ಟು ಹಣವನ್ನು ಯಾರಿಗೆ, ಹೇಗೆ ಹಂಚುವುದು? ಸೇನೆ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್‌ನ ಸಲಹೆ ಕೇಳಿತು. 1993ರಲ್ಲಿ ಬಂದ ಸಲಹೆಯಂತೆ ಪ್ರತಿ ಅರ್ಜಿಗೂ ಎರಡು ಹಂತದ ಪರಿಶೀಲನೆ: ಮೊದಲು ಅದರ ವೈಜ್ಞಾನಿಕ ತೂಕ, ನಂತರ ಯೋಜನೆಯ ಉದ್ದೇಶಕ್ಕೆ ಅದು ಒದಗುತ್ತದೆಯೇ ಎಂಬ ವಿಚಾರ. ಆರಂಭಿಕ ಫಲಿತಾಂಶ ಕೈಯಲ್ಲಿಲ್ಲದಿದ್ದರೂ ಹೊಸ ಯೋಚನೆಯನ್ನು ನೆಚ್ಚಿ ಹಣ ಕೊಡುವ ‘ಐಡಿಯಾ’ ಅನುದಾನವನ್ನೂ ತೆರೆಯಲಾಯಿತು.

ಒಕ್ಕೂಟ ಇಷ್ಟಕ್ಕೇ ಸುಮ್ಮನಾಗಲಿಲ್ಲ. ರೋಗವನ್ನು ಮೈಮೇಲೆ ಅನುಭವಿಸಿದವರಿಗೂ ಆಯ್ಕೆ ಸಮಿತಿಯಲ್ಲಿ ಜಾಗ ಬೇಕೆಂದು ಪಟ್ಟು ಹಿಡಿಯಿತು. ಇವರಿಗೆ ಜೀವವಿಜ್ಞಾನ ಅರ್ಥವಾದೀತೇ ಎಂದು ಮೂಗು ಮುರಿದ ವಿಜ್ಞಾನಿಗಳೂ ಇದ್ದರು. ಕೊನೆಗೆ ಎರಡೂ ಹಂತಗಳಲ್ಲಿ ಆ ಮಹಿಳೆಯರು ಕೂತರು. ಅರ್ಜಿಗಳನ್ನು ಮುಂಚೆಯೇ ಓದಿ, ಟಿಪ್ಪಣಿ ಬರೆದುಕೊಂಡು ಬಂದು, ಪ್ರೊಫೆಸರರ ಪಕ್ಕದಲ್ಲೇ ಕುಳಿತು ಅಂಕ ಹಾಕಿದರು. ಅವರ ಅಂಕಕ್ಕೂ ಪ್ರೊಫೆಸರರ ಅಂಕದಷ್ಟೇ ಬೆಲೆ.

1997ರಲ್ಲಿ ಅಂಡಾಶಯದ ಕ್ಯಾನ್ಸರ್‌ಗೂ ಗಂಡಸರನ್ನು ಕಾಡುವ ಪ್ರಾಸ್ಟೇಟ್ ಕ್ಯಾನ್ಸರ್‌ಗೂ ಸೇನೆಯ ಬಜೆಟ್‌ನಲ್ಲೇ ಪ್ರತ್ಯೇಕ ಯೋಜನೆಗಳು ಬಂದವು. ಅಲ್ಲಿಯೂ ಅರ್ಜಿ ತೂಗುವ ಮೇಜಿನಲ್ಲಿ ರೋಗ ಕಂಡವರಿಗೆ ಮತವಿದೆ.