ಉಪ್ಪಿನ ಬೆಟ್ಟದ ವಯಸ್ಸು ಮತ್ತು ಸಾಹನಿಯವರ ಸೂಕ್ಷ್ಮಸಾಕ್ಷಿಗಳು

ಸೈಂಧವ ಲವಣಕ್ಕೆ ಪ್ರಸಿದ್ಧವಾದ ಖೇವ್ರಾ ಗಣಿಯು ಈಗ ಪಾಕಿಸ್ತಾನಕ್ಕೆ ಸೇರಿದ ಪಂಜಾಬಿನ ಲವಣಪರ್ವತಶ್ರೇಣಿಯಲ್ಲಿದೆ. ಅಲ್ಲಿ ಉಪ್ಪಿನ ಸ್ತರವು ಕೆಳಗೆ, ಕೇಂಬ್ರಿಯನ್ ಯುಗದ ಶಿಲೆಗಳು ಮೇಲೆ. ಕೆಳಗಿನದು ಹಳೆಯದೆಂಬುದು ಭೂವಿಜ್ಞಾನದ ಮೊದಲ ಪಾಠವಾದುದರಿಂದ ಉಪ್ಪು ಐವತ್ತು ಕೋಟಿ ವರ್ಷಗಳಿಗೂ ಹಿಂದಿನದಾಗಬೇಕು. ಆದರೆ ಪಶ್ಚಿಮಕ್ಕಿರುವ ಕೊಹಾಟಿನ ಉಪ್ಪು ಇಯೊಸೀನ್ ಯುಗದ್ದು, ಎಂದರೆ ಸುಮಾರು ಐದು ಕೋಟಿ ವರ್ಷಗಳಷ್ಟರದು. ಖೇವ್ರಾದ ಉಪ್ಪೂ ಅದೇ ಕಾಲದ್ದು, ಭೂಚಲನೆಯಿಂದ ಹಳೆಯ ಶಿಲೆಗಳು ಅದರ ಮೇಲೆ ಸರಿದು ಕುಳಿತಿವೆ ಎಂದು ಒಂದು ಪಕ್ಷದವರು ವಾದಿಸಿದರು.

ಈ ವಾದಕ್ಕೆ ಬೀರಬಲ್ ಸಾಹನಿಯವರು ಸೂಕ್ಷ್ಮದರ್ಶಕವನ್ನು ತಂದರು. 1891ರಲ್ಲಿ ಅವರು ಹುಟ್ಟಿದ ಭೇರಾ ಪಟ್ಟಣ ಆ ಬೆಟ್ಟಗಳಿಗೆ ದೂರವಲ್ಲ. ಅವರ ಉಪಾಯದ ತಳಹದಿ ಇದು: ಪರಾಗ ಮತ್ತು ಬೀಜಕಗಳ ಹೊರಕವಚ ಅತ್ಯಂತ ಗಟ್ಟಿಯಾದ ಸಾವಯವ ದ್ರವ್ಯ. ಶಿಲೆಯ ಸುಣ್ಣವನ್ನು ಹೈಡ್ರೋಕ್ಲೋರಿಕ್ ಆಮ್ಲವೂ ಮರಳನ್ನು ಹೈಡ್ರೋಫ್ಲೋರಿಕ್ ಆಮ್ಲವೂ ಕರಗಿಸಿದರೂ ಆ ಕವಚ ಉಳಿಯುತ್ತದೆ. ಗಾಜು ಕರಗುವ ಆಮ್ಲದಲ್ಲಿ ಹೂವಿನ ಧೂಳು ಉಳಿಯುವುದು ಸೋಜಿಗವೇ ಸರಿ!

ಉಪ್ಪು ನೀರಿಗೆ ಕರಗಿ ಮತ್ತೆ ಹರಳುಗಟ್ಟುವ ವಸ್ತು. ಹೊರಗಿನ ಧೂಳು ಅದರೊಳಗೆ ಸೇರಿಕೊಂಡೀತು. ಇದನ್ನರಿತ ಸಾಹನಿಯವರು ಜೊತೆಗಿದ್ದ ಡಾಲೊಮೈಟ್ ಮತ್ತು ತೈಲಯುಕ್ತ ಜೇಡಿಶಿಲೆಗಳನ್ನೂ ಪರೀಕ್ಷಿಸಿದರು. ಅವುಗಳಲ್ಲಿ ಮರದ ತುಣುಕುಗಳೂ ಕೀಟಗಳ ಅಂಶಗಳೂ ದೊರೆತವು. ಕೇಂಬ್ರಿಯನ್ ಯುಗದಲ್ಲಿ ಭೂಮಿಯ ಮೇಲೆ ಮರವೇ ಇರಲಿಲ್ಲ; ಆದುದರಿಂದ ಉಪ್ಪು ಹೊಸದೆಂಬುದು ಅವರ ನಿರ್ಣಯ. 1944 ಮತ್ತು 1945ರ ವಿಚಾರಗೋಷ್ಠಿಗಳಲ್ಲಿ ಎರಡು ಪಕ್ಷಗಳೂ ಎದುರುಬದುರಾದವು. ಭೂವಿಜ್ಞಾನ ಸರ್ವೇಕ್ಷಣದ ಇ. ಆರ್. ಗೀ ಅವರು ಬೆಟ್ಟದಲ್ಲಿ ಸ್ತರಗಳು ಕೂಡಿರುವ ರೀತಿಯನ್ನೇ ಆಧಾರವಾಗಿಟ್ಟುಕೊಂಡು ಕೇಂಬ್ರಿಯನ್ ಪಕ್ಷವನ್ನು ಹಿಡಿದರು.

ಕಾಲವು ತೀರ್ಪನ್ನಿತ್ತದ್ದು ಸ್ತರಗಳ ಕಡೆಗೆ. ಈಗ ಆ ಉಪ್ಪನ್ನು ಕೇಂಬ್ರಿಯನ್ನಿನ ಆದಿಗೆ ಅಥವಾ ಅದಕ್ಕೂ ತುಸು ಹಿಂದಕ್ಕೆ ಸೇರಿಸುತ್ತಾರೆ. ಮರದ ತುಣುಕುಗಳು ಹೊರಗಿನಿಂದ ಸೇರಿದವೆಂದು ಎಣಿಸುತ್ತಾರೆ. ಸಾಹನಿಯವರು ಅಜಾಗರೂಕರಾಗಿದ್ದರೆಂದು ಇದರಿಂದ ಹೇಳುವುದು ಅನ್ಯಾಯ. ಕೂದಲೆಳೆಗಿಂತ ಕಿರಿದಾದ ಕಣ ಬಿರುಕಿನಲ್ಲಿ ಇಳಿಯಬಲ್ಲದು, ನೀರಿನೊಡನೆ ಹರಿಯಬಲ್ಲದು, ಪ್ರಯೋಗಶಾಲೆಯ ಗಾಳಿಯಲ್ಲಿಯೂ ತೇಲಬಲ್ಲದು. ಕಣದ ಗುರುತು ಸರಿಯಾಗಿದ್ದರೂ ಅದು ಆ ಶಿಲೆಯೊಡನೆಯೇ ಹುಟ್ಟಿತೆಂಬುದು ಸಿದ್ಧವಾಗುವುದಿಲ್ಲ.

ಅಂಥ ಪುರಾತನ ಶಿಲೆಗಳಿಗೆ ಸಲ್ಲುವ ಸಾಕ್ಷಿಗಳೇ ಬೇರೆ. ಯಾವ ಜೀವಿಕುಲಕ್ಕೆ ಸೇರಿದವೆಂದು ನಿಶ್ಚಯವಾಗದ ಸಾವಯವ ಕೋಶಗಳಿಗೆ 1963ರಲ್ಲಿ ಇವಿಟ್ ಎಂಬ ವಿದ್ವಾಂಸರು ‘ಅಕ್ರಿಟಾರ್ಕ್’ ಎಂದು ಹೆಸರಿಟ್ಟರು. ಹೆಸರಿನಲ್ಲಿಯೇ ಮೂಲದ ಅನಿಶ್ಚಯವನ್ನು ಒಪ್ಪಿಕೊಂಡದ್ದು ಶ್ಲಾಘ್ಯ. ಇವುಗಳಲ್ಲಿ ಬಹುಪಾಲು ಸಮುದ್ರದ ಏಕಕೋಶ ಶೈವಲಗಳ ಕವಚಗಳಾಗಿರಬಹುದು. ಇಂಥ ಕಣಗಳ ಬಣ್ಣವೂ ಮಾತನಾಡುತ್ತದೆ: ಶಿಲೆ ಹುದುಗಿ ಕಾದಂತೆಲ್ಲ ಅವು ಹಳದಿಯಿಂದ ಕಂದಿಗೆ, ಕಂದಿನಿಂದ ಕಪ್ಪಿಗೆ ತಿರುಗುತ್ತವೆ. ತೈಲವನ್ನು ಅರಸುವವರು ಇದರಿಂದ ಶಿಲೆಯು ಎಷ್ಟು ಬೆಂದಿದೆಯೆಂದು ಅಳೆಯುತ್ತಾರೆ.

ಲಖನೌದಲ್ಲಿ ಸಾಹನಿಯವರು ಕಟ್ಟಿದ ಸಸ್ಯಾವಶೇಷ ಸಂಸ್ಥೆಗೆ 1949ರ ಏಪ್ರಿಲ್ 3ರಂದು ಜವಾಹರಲಾಲ್ ನೆಹರೂ ಅವರು ಅಸ್ತಿಭಾರವಿಟ್ಟರು. ಆ ಕಲ್ಲಿನಲ್ಲಿ ಸಸ್ಯಾವಶೇಷಗಳನ್ನೇ ಹುದುಗಿಸಿದ್ದರು. ಒಂದು ವಾರದಲ್ಲಿ, ಏಪ್ರಿಲ್ 10ರಂದು, ಸಾಹನಿಯವರು ತೀರಿಕೊಂಡರು. ಲವಣಶ್ರೇಣಿಯ ವಿವಾದ ಆಗಿನ್ನೂ ಮುಗಿದಿರಲಿಲ್ಲ.