ದೇಶ ಸುತ್ತಲು ದುಡ್ಡು ಕೊಟ್ಟವರು

1595ರ ಕೊನೆಗೆ ಹೆನ್ರಿ ಮೊರಿಸನ್ ಎಂಬ ಇಂಗ್ಲಿಷ್ ಯುವಕ ಜೆರುಸಲೆಮ್, ಕಾನ್‌ಸ್ಟಾಂಟಿನೋಪಲ್ ನೋಡಿಬರಲು ಹೊರಟ. ಹೊರಡುವ ಮೊದಲು 400 ಪೌಂಡುಗಳನ್ನು ಗುರುತಿನವರಲ್ಲಿ ಪಣಕ್ಕಿಟ್ಟ. ಜೀವಂತವಾಗಿ ಮರಳಿದರೆ ಅವರು 1,200 ಪೌಂಡು ಕೊಡಬೇಕು. ಸತ್ತರೆ ಅಸಲೂ ಅವರಿಗೇ. ಜೊತೆಗೆ ಹೊರಟ ಅಣ್ಣ ಫೈನ್ಸ್‌ಗೆ ಇಂಥ ಪಣ ಕಟ್ಟಲು ಸಂಕೋಚ. ಅವನು ನೂರು ಪೌಂಡನ್ನಷ್ಟೇ, ಅದೂ ಒಡಹುಟ್ಟಿದವರು ಮತ್ತು ಆಪ್ತರ ನಡುವೆ ಇಟ್ಟ. ಮರುವರ್ಷ ಸಿರಿಯಾದ ಕಡೆ ಕಾಯಿಲೆ ಬಿದ್ದ ತಮ್ಮ ಅಣ್ಣನ ಕಣ್ಣೆದುರೇ ತೀರಿಕೊಂಡ. ಅವನ ನಾನೂರು ಪೌಂಡು ಊರಲ್ಲಿ ಉಳಿದವರ ಪಾಲಾಯಿತು.

ಓದಿಗೂ ಉದ್ಯೋಗಕ್ಕೂ ನಡುವೆ ಒಂದು ವರ್ಷ ಬಿಡುವು ಮಾಡಿಕೊಂಡು ಹೊರದೇಶ ಸುತ್ತುವುದನ್ನು ಈಗ ಗ್ಯಾಪ್ ಇಯರ್ ಎನ್ನುತ್ತಾರೆ. ಹೆಸರು ಹೊಸತು, ಹಂಬಲ ಬಹಳ ಹಳೆಯದು. ಅದರ ಇತಿಹಾಸವನ್ನು ಊರು, ಬೆಟ್ಟ, ಚರ್ಚುಗಳ ವರ್ಣನೆಯಲ್ಲಿ ಹುಡುಕುವವರೇ ಹೆಚ್ಚು. ಖರ್ಚಿನ ಪುಸ್ತಕ ತೆರೆದರೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ: ಯಾರು ಹೋಗಬಹುದು, ಎಲ್ಲಿಗೆ, ಎಷ್ಟು ದಿನ ಎಂಬುದನ್ನೆಲ್ಲ ಬಹುತೇಕ ದುಡ್ಡು ಕೊಟ್ಟವರೇ ತೀರ್ಮಾನಿಸಿದ್ದಾರೆ.

ಪಣದ ಪದ್ಧತಿಯನ್ನು ನೆಚ್ಚಿಕೊಂಡ ಇನ್ನೊಬ್ಬ ಸಾಮರ್‌ಸೆಟ್ ಸೀಮೆಯ ಥಾಮಸ್ ಕೊರಿಯಟ್. 1608ರಲ್ಲಿ ವೆನಿಸ್‌ವರೆಗೆ ಹೋಗಿ, ಬಹುಪಾಲು ನಡೆದೇ ಹಿಂದಿರುಗಿದ. ಯೋವಿಲ್ ಪೇಟೆಯ ಬಟ್ಟೆ ವ್ಯಾಪಾರಿಯೊಬ್ಬನ ಜೊತೆ ಕಟ್ಟಿದ್ದ ಪಣದ ಹಣ ಕೈಗೆ ಬಾರದೆ ವ್ಯಾಜ್ಯ ಕೋರ್ಟಿನ ಮೆಟ್ಟಿಲೇರಿತು. ಆದರೂ ಅವನ ಕಾಲು ಮನೆಯಲ್ಲಿ ನಿಲ್ಲಲಿಲ್ಲ. 1612ರಲ್ಲಿ ಪೂರ್ವಕ್ಕೆ ಹೊರಟವನು ಅಲೆಪ್ಪೊದಿಂದ ಕ್ಯಾರವಾನುಗಳ ಜೊತೆ ನಡೆಯುತ್ತ ಇಸ್ಫಹಾನ್, ಲಾಹೋರ್, ಆಗ್ರಾ ದಾಟಿ 1615ರಲ್ಲಿ ಅಜ್ಮೀರ್ ಮುಟ್ಟಿದ. ಅಷ್ಟು ದೂರಕ್ಕೆ ಮೂರು ಪೌಂಡು ಖರ್ಚಾಯಿತು, ಅದರಲ್ಲೂ ಹತ್ತು ಶಿಲ್ಲಿಂಗ್ ಮೋಸಹೋದದ್ದು ಎಂದು ಊರಿಗೆ ಪತ್ರ ಬರೆದ. ತಾನು ಕಲಿತ ಪಾರಸಿಯಲ್ಲಿ ಜಹಾಂಗೀರನೆದುರು ಭಾಷಣ ಮಾಡಿದ; ಬಾದಶಹ ನೂರು ರೂಪಾಯಿ ಕೊಟ್ಟ. ಇಂಗ್ಲೆಂಡಿನ ರಾಯಭಾರಿ ಸರ್ ಥಾಮಸ್ ರೋಗೆ ಇದು ಭಿಕ್ಷೆಯಂತೆ ಕಂಡು ಸಿಟ್ಟು ಬಂತು. ಕೊರಿಯಟ್ 1617ರಲ್ಲಿ ಸೂರತ್‌ನಲ್ಲಿ ತೀರಿಕೊಂಡ. ಸಾಮ್ರಾಜ್ಯ, ವ್ಯಾಪಾರ ಯಾವುದರ ಹಂಗೂ ಇಲ್ಲದೆ ಬರೀ ನೋಡುವ ಆಸೆಯಿಂದ ಭಾರತಕ್ಕೆ ನಡೆದು ಬಂದ ಇವನ ನೆನಪು ನಮ್ಮಲ್ಲಿ ಇನ್ನಷ್ಟು ಉಳಿಯಬೇಕಿತ್ತು.

ಹದಿನೆಂಟನೆಯ ಶತಮಾನಕ್ಕೆ ಪಣದ ಜಾಗಕ್ಕೆ ಅಪ್ಪನ ಜಮೀನಿನ ಗೇಣಿ ಬಂತು. ಬ್ರಿಟನ್ನಿನ ಶ್ರೀಮಂತ ಮನೆಗಳ ಹುಡುಗರು ಒಬ್ಬ ಮೇಷ್ಟ್ರನ್ನು ಕಟ್ಟಿಕೊಂಡು ಪ್ಯಾರಿಸ್, ರೋಮ್, ನೇಪಲ್ಸ್ ಸುತ್ತಿಬರುತ್ತಿದ್ದ ಯಾತ್ರೆಗೆ ಗ್ರ್ಯಾಂಡ್ ಟೂರ್ ಎಂದು ಹೆಸರು. ಆಲ್ಪ್ಸ್‌ನ ಮೋಂ ಸೆನಿ ಕಣಿವೆಯ ಬುಡದಲ್ಲಿ ಅವರ ಗಾಡಿಯನ್ನು ಬಿಚ್ಚಿ ಬಿಡಿಭಾಗಗಳನ್ನು ಹೇಸರಗತ್ತೆಗಳ ಮೇಲೆ ಹೇರುತ್ತಿದ್ದರು. ಪ್ರವಾಸಿಯನ್ನು ಕುರ್ಚಿಯಲ್ಲಿ ಕೂರಿಸಿ ಸ್ಥಳೀಯ ಕೂಲಿಗಳು ಹೆಗಲ ಮೇಲೆ ಹೊರುತ್ತಿದ್ದರು.

ಹಾಗೆ ಹೋದ ಮೇಷ್ಟ್ರುಗಳಲ್ಲಿ ಒಬ್ಬರು ಆಡಂ ಸ್ಮಿತ್. ಬಕ್ಲೂ ಡ್ಯೂಕನ ಮಲತಂದೆ ಚಾರ್ಲ್ಸ್ ಟೌನ್‌ಶೆಂಡ್ ವರ್ಷಕ್ಕೆ 300 ಪೌಂಡು, ಪ್ರಯಾಣದ ಖರ್ಚು, ಆಮೇಲೆ ಜೀವನಪೂರ್ತಿ ಅಷ್ಟೇ ಪಿಂಚಣಿ ಕೊಡುವುದಾಗಿ ಹೇಳಿದಾಗ ಸ್ಮಿತ್ 1764ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯವನ್ನು ವರ್ಷದ ನಡುವೆಯೇ ಬಿಟ್ಟರು. ಕೊನೆಯ ತರಗತಿಯಲ್ಲಿ ವಿದ್ಯಾರ್ಥಿಗಳು ಬೇಡವೆಂದರೂ ಅವರ ಶುಲ್ಕವನ್ನು ಒಬ್ಬೊಬ್ಬರಿಗೂ ಒತ್ತಾಯದಿಂದ ಹಿಂದಿರುಗಿಸಿದರು ಎಂಬ ಪ್ರಸಂಗ ಅವರ ಬದುಕಿನ ಕಥೆಗಳಲ್ಲಿ ಸಿಗುತ್ತದೆ. ತುಲೂಸ್‌ನಲ್ಲಿ ಹೊತ್ತು ಹೋಗದೆ ಒಂದು ಪುಸ್ತಕ ಬರೆಯಲು ಶುರುಮಾಡಿದ್ದೇನೆ ಎಂದು ಗೆಳೆಯ ಡೇವಿಡ್ ಹ್ಯೂಮ್‌ಗೆ ತಿಳಿಸಿದರು. 1766ರಲ್ಲಿ ಡ್ಯೂಕನ ತಮ್ಮ ಪ್ಯಾರಿಸ್ಸಿನಲ್ಲಿ ತೀರಿಕೊಂಡದ್ದರಿಂದ ಯಾತ್ರೆ ಅಲ್ಲಿಗೇ ನಿಂತಿತು. ಹತ್ತು ವರ್ಷದ ನಂತರ ಪ್ರಕಟವಾದ ‘ದಿ ವೆಲ್ತ್ ಆಫ್ ನೇಷನ್ಸ್’ನಲ್ಲಿ, ಹದಿಹರೆಯದವರನ್ನು ಹೀಗೆ ಹೊರದೇಶಕ್ಕೆ ಕಳಿಸಿದರೆ ಅವರು ಹೆಚ್ಚು ಜಂಬ, ಕಡಿಮೆ ಶಿಸ್ತು ಕಲಿತು ಬರುತ್ತಾರೆ ಎಂದೇ ಸ್ಮಿತ್ ವಾದಿಸಿದರು. ಆ ಸಂಬಳ, ಆ ಪಿಂಚಣಿ ಇಲ್ಲದಿದ್ದರೆ ನೆಮ್ಮದಿಯಿಂದ ಕೂತು ಆ ಪುಸ್ತಕ ಮುಗಿಸುವುದು ಅವರಿಗೆ ಸುಲಭವಿರಲಿಲ್ಲ ಎಂಬುದೂ ಅಷ್ಟೇ ನಿಜ.

ಜೇಮ್ಸ್ ಬಾಸ್‌ವೆಲ್‌ನ ಪಾಡು ಬೇರೆ. ನ್ಯಾಯಾಧೀಶರಾಗಿದ್ದ ಅಪ್ಪ ವರ್ಷಕ್ಕೆ 240 ಪೌಂಡು ಕೊಟ್ಟದ್ದು ಹಾಲೆಂಡಿನ ಉಟ್ರೆಕ್ಟ್‌ನಲ್ಲಿ ಕಾನೂನು ಓದಲಿ ಎಂದು. ಓದು ಮುಗಿಸಿ ಜರ್ಮನಿ ನೋಡಿದ ಮಗ, ಇಟಲಿಗೂ ಹೋಗುತ್ತೇನೆಂದು ಪತ್ರದ ಮೇಲೆ ಪತ್ರ ಬರೆದು ಒಪ್ಪಿಗೆ ಪಡೆದ. ಅಪ್ಪ ವಾಪಸು ಕರೆದರೂ 1765ರಲ್ಲಿ ಬಂಡಾಯದ ದ್ವೀಪ ಕಾರ್ಸಿಕಾಕ್ಕೆ ದಾಟಿದ. ಅಲ್ಲಿಂದ ಬಂದು ಬರೆದ ಪುಸ್ತಕವೇ ಅವನಿಗೆ ಮೊದಲ ಕೀರ್ತಿ ತಂದದ್ದು.

ಮನೆಯಿಂದ ಹಣ ಮಂಜೂರಾದರೂ ಅದು ದೂರದ ಊರಲ್ಲಿ ಕೈಗೆ ಸಿಗಬೇಕಲ್ಲ. ನಮ್ಮ ಸಾಹುಕಾರರ ಹುಂಡಿಯಂತೆಯೇ ಯುರೋಪಿನಲ್ಲೂ ಒಂದೂರಿನ ವರ್ತಕ ಬರೆದ ಚೀಟಿಗೆ ಇನ್ನೊಂದೂರಿನವನು ಹಣ ಎಣಿಸುತ್ತಿದ್ದ. ತೊಡಕೆಂದರೆ, ಚೀಟಿಯಲ್ಲಿ ಹೆಸರಿದ್ದವನ ಊರಿಗೇ ಹೋಗಬೇಕು. ಲಂಡನ್ನಿನ ರಾಬರ್ಟ್ ಹೆರೀಸ್ 1772ರಲ್ಲಿ ಯುರೋಪಿನ ಸುಮಾರು 90 ನಗರಗಳಲ್ಲಿ ನಡೆಯುವ ಚೀಟಿಗಳನ್ನು ಹೊರತಂದು ಈ ಕಟ್ಟನ್ನು ಸಡಿಲಿಸಿದ. 1891ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿಯ ಟ್ರಾವೆಲರ್ಸ್ ಚೆಕ್ ಬಂತು. ಕೊಳ್ಳುವಾಗ ಒಂದು ಸಹಿ, ನಗದು ಮಾಡುವಾಗ ಅದರೆದುರು ಇನ್ನೊಂದು. ಎರಡೂ ಹೊಂದಿದರೆ ಹಣ.

ಆದರೂ ಭಾನುವಾರ ಭಾನುವಾರವೇ. 1974ರಲ್ಲಿ ಪ್ಯಾರಿಸ್ಸಿನ ಕೆಲಸ ಬಿಟ್ಟು, ಸಿಕ್ಕ ವಾಹನ ಹತ್ತುತ್ತ ಮೈಸೂರಿನತ್ತ ಹೊರಟಿದ್ದ, ಮುಂದೆ ಉದ್ಯಮಿಯಾದ ಎನ್.ಆರ್. ನಾರಾಯಣಮೂರ್ತಿ ಯುಗೋಸ್ಲಾವಿಯದ ನಿಶ್ ರೈಲು ನಿಲ್ದಾಣ ತಲುಪಿದ್ದು ಶನಿವಾರ ರಾತ್ರಿ. ಹೋಟೆಲು ಮುಚ್ಚಿತ್ತು. ಮರುದಿನ ಬ್ಯಾಂಕಿಲ್ಲ, ಸ್ಥಳೀಯ ಹಣವಿಲ್ಲ, ಹಾಗಾಗಿ ಊಟವೂ ಇಲ್ಲ. ರಾತ್ರಿ ರೈಲು ಹತ್ತಿ ಸಹಪ್ರಯಾಣಿಕಳೊಬ್ಬಳ ಜೊತೆ ಫ್ರೆಂಚಿನಲ್ಲಿ ಮಾತಾಡಿದ್ದಕ್ಕೆ ಪೊಲೀಸರು ಎಳೆದೊಯ್ದು ಚಳಿಯ ಕೋಣೆಯಲ್ಲಿ 72 ಗಂಟೆಗೂ ಹೆಚ್ಚು ಕೂಡಿಹಾಕಿದರು. ಭಾರತ ಮಿತ್ರರಾಷ್ಟ್ರವೆಂದು ಕೊನೆಗೆ ಬಿಟ್ಟರು. ತಮ್ಮೊಳಗಿನ ಎಡಪಂಥೀಯನನ್ನು ಉದ್ಯಮದತ್ತ ತಿರುಗಿಸಿದ್ದು ಆ ಹಸಿವಿನ ದಿನಗಳೇ ಎಂದು ಮೂರ್ತಿ 2007ರಲ್ಲಿ ನ್ಯೂಯಾರ್ಕಿನ ವಿದ್ಯಾರ್ಥಿಗಳೆದುರು ಹೇಳಿದರು.

ಮೂರ್ತಿಯವರ ಆ ಪ್ರಯಾಣದ ಮರುವರ್ಷ, 1975ರಲ್ಲಿ, ಆಸ್ಟ್ರೇಲಿಯ ಕೆಲವು ದೇಶಗಳ ಯುವಜನರಿಗೆ ಸುತ್ತುತ್ತಲೇ ದುಡಿಯಬಹುದಾದ ವೀಸಾ ತೆರೆಯಿತು. ಅಪ್ಪನ ಗೇಣಿಯಿಲ್ಲದವರಿಗೂ ಒಂದು ವರ್ಷ ಕೈಗೆಟುಕುವಂತಾದದ್ದು ಇಂಥ ವ್ಯವಸ್ಥೆಗಳಿಂದ. ಭಾರತೀಯರ ಪಾಳಿ ಬಂದದ್ದು 2024ರಲ್ಲಿ. 18ರಿಂದ 30 ವಯಸ್ಸಿನವರಿಗೆ ವರ್ಷಕ್ಕೆ ಒಂದು ಸಾವಿರ ಜಾಗ, ಆಯ್ಕೆ ಲಾಟರಿಯಿಂದ. ಅದಕ್ಕೂ ಮುಂಚೆ, 2023ರಲ್ಲಿ, ಬ್ರಿಟನ್ ಪದವೀಧರ ಭಾರತೀಯರಿಗೆ ಮೂರು ಸಾವಿರ ವೀಸಾಗಳ ಯೋಜನೆ ಆರಂಭಿಸಿತ್ತು. ಅಲ್ಲಿಯೂ ಲಾಟರಿಯೇ. ಹೆಸರು ಬಂದವರು 2,530 ಪೌಂಡು ತಮ್ಮ ಖಾತೆಯಲ್ಲಿ 28 ದಿನ ಕದಲದೆ ಇತ್ತೆಂದು ಬ್ಯಾಂಕಿನ ದಾಖಲೆ ತೋರಿಸಬೇಕು.