ಕಬ್ಬಿಣ ಹಿಡಿದ ಆರ್ಸೆನಿಕ್: ಒಂದು ಅಧಿಶೋಷಣೆಯ ಚರಿತ್ರೆ

ಶಾಲೆಯ ಪ್ರಯೋಗಾಲಯದ ಬರ್ನರಿನಿಂದ ನಮಗೆ ಪರಿಚಿತರಾದ ರಾಬರ್ಟ್ ಬುನ್ಸೆನ್, 1834ರಲ್ಲಿ ಜರ್ಮನಿಯ ಗಟ್ಟಿಂಗನ್‌ನಲ್ಲಿ ವೈದ್ಯ ಬರ್ತೋಲ್ಡ್ ಜೊತೆಗೂಡಿ ಪಾಷಾಣಕ್ಕೆ, ಅಂದರೆ ಆರ್ಸೆನಿಕ್ ವಿಷಕ್ಕೆ, ಒಂದು ಪ್ರತ್ಯೌಷಧ ಪ್ರಕಟಿಸಿದರು. ದ್ರಾವಣದಿಂದ ಆಗತಾನೆ ಗಸಿಯಾಗಿ ಇಳಿದ ಕಬ್ಬಿಣದ ಹೈಡ್ರಾಕ್ಸೈಡನ್ನು ಹಸಿಯಾಗಿಯೇ ಕುಡಿಸಿದರೆ ಅದು ಹೊಟ್ಟೆಯಲ್ಲಿನ ಆರ್ಸೆನಿಕ್ಕನ್ನು ಹಿಡಿದುಕೊಳ್ಳುತ್ತದೆ ಎಂಬುದು ಅವರ ನಿಲುವು. ಇಂದು ಭಾರ ಲೋಹಗಳ ಸಾಲಿನಲ್ಲೇ ಎಣಿಸುವ ಈ ವಿಷವನ್ನು ನೀರಿನಿಂದ ತೆಗೆಯುವ ಚರಿತ್ರೆ ಅಲ್ಲಿಂದ ಶುರುವಾಗುತ್ತದೆ ಎಂದು ನಾನು ತಿಳಿಯುತ್ತೇನೆ.

ಸಾಮಾನ್ಯವಾಗಿ ಈ ಕಥೆಯನ್ನು ಇದ್ದಿಲಿನಿಂದ ಆರಂಭಿಸುವುದುಂಟು. 1785ರಲ್ಲಿ ರಸಾಯನಶಾಸ್ತ್ರಜ್ಞ ಲೊವಿಟ್ಸ್, ಇದ್ದಿಲು ದ್ರಾವಣದ ಬಣ್ಣ ತೆಗೆಯುವುದನ್ನು ಗುರುತಿಸಿದ್ದರು. ಆದರೆ ಬಣ್ಣ, ವಾಸನೆಗಳಿಗೆ ಒದಗುವ ಇದ್ದಿಲು ಆರ್ಸೆನಿಕ್ ವಿಷಯದಲ್ಲಿ ದುರ್ಬಲ. ಕಬ್ಬಿಣದ ಗಸಿ ಮಾಡುವ ಕೆಲಸವೇ ಬೇರೆ. ಅದು ಆರ್ಸೆನಿಕ್ ಜೊತೆ ಕೂಡಿ ಹೊಸ ಸಂಯುಕ್ತವಾಗುತ್ತದೆಂದು ಬಹುಕಾಲ ನಂಬಲಾಗಿತ್ತು. 1904ರಲ್ಲಿ ವಿಲ್ಹೆಲ್ಮ್ ಬಿಲ್ಟ್ಸ್ ಇದು ಅಧಿಶೋಷಣೆ, ಅಂದರೆ ಮೇಲ್ಮೈಯಲ್ಲಿ ಹಿಡಿದಿಡುವ ಕ್ರಿಯೆ ಎಂದು ವಾದಿಸಿದರು. 1906ರಲ್ಲಿ ಫ್ರಾಯಿಂಡ್ಲಿಕ್, 1918ರಲ್ಲಿ ಲ್ಯಾಂಗ್‌ಮ್ಯೂರ್ ಕೊಟ್ಟ ಅಧಿಶೋಷಣೆಯ ಸಮೀಕರಣಗಳಿಲ್ಲದೆ ಇವತ್ತಿಗೂ ಈ ಕ್ಷೇತ್ರದ ಪ್ರಬಂಧಗಳು ಮುಗಿಯುವುದು ಅಪರೂಪ.

ಸಿದ್ಧಾಂತಕ್ಕೆ ಜೀವನ್ಮರಣದ ತುರ್ತು ಬಂದದ್ದು ಬಂಗಾಳದಲ್ಲಿ. ಕೆರೆಕುಂಟೆಗಳ ನೀರಿನ ರೋಗಗಳಿಂದ ಪಾರಾಗಲು ಕೊರೆಸಿದ ಕೊಳವೆಬಾವಿಗಳು ಇನ್ನೊಂದು ವಿಷವನ್ನು, ಆರ್ಸೆನಿಕ್ಕನ್ನು, ಮೇಲೆತ್ತಿದವು. 1983ರಲ್ಲಿ ಕಲ್ಕತ್ತೆಯ ಚರ್ಮವೈದ್ಯ ಕೆ.ಸಿ. ಸಾಹಾ ಮೊದಲ ರೋಗಿಗಳನ್ನು ಗುರುತಿಸಿದರು. 1993ರಲ್ಲಿ ಬಾಂಗ್ಲಾದೇಶದ ಬಾವಿಗಳಲ್ಲೂ ಅದು ಪತ್ತೆಯಾಯಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಲೀಟರಿಗೆ 50 ಮೈಕ್ರೋಗ್ರಾಂ ಇದ್ದ ಮಿತಿಯನ್ನು 10ಕ್ಕೆ ಇಳಿಸಿತು. ನದಿಗಳು ತಂದು ಸುರಿದ ಮಣ್ಣಿನ ಕಣಗಳಲ್ಲಿ ಆರ್ಸೆನಿಕ್ ಕಬ್ಬಿಣದ ಆಕ್ಸೈಡಿಗೇ ಅಂಟಿಕೊಂಡಿತ್ತು. ಗಾಳಿಯಿಲ್ಲದ ಆಳದಲ್ಲಿ ಸೂಕ್ಷ್ಮಜೀವಿಗಳು ಆ ಆಕ್ಸೈಡನ್ನು ಕರಗಿಸಿದಾಗ ವಿಷವೂ ನೀರಿಗೆ ಬಂತು. ಬುನ್ಸೆನ್ ಕಂಡ ಹಿಡಿತ ಇಲ್ಲಿ ಹಿಮ್ಮುಖವಾಗಿ ಸಡಿಲಗೊಂಡಿತ್ತು.

ಪರಿಹಾರವೂ ಕಬ್ಬಿಣದಿಂದಲೇ ಬಂತು. ಬಾಂಗ್ಲಾದ ಕುಷ್ಟಿಯಾ ಮೂಲದ ಅಬುಲ್ ಹುಸಾಮ್ ರೂಪಿಸಿದ 'ಸೋನೋ' ಶೋಧಕದಲ್ಲಿ ಸಂಸ್ಕರಿಸಿದ ಕಬ್ಬಿಣದ ಚೂರು, ಮರಳು, ಇದ್ದಿಲುಗಳ ಪದರಗಳಿದ್ದವು. ಅದಕ್ಕೆ 2007ರ ಗ್ರೇಂಜರ್ ಪ್ರಶಸ್ತಿ ಬಂತು. ಮದರಾಸಿನ ಐಐಟಿಯಲ್ಲಿ ಟಿ. ಪ್ರದೀಪ್ ತಂಡ ಕಬ್ಬಿಣದ ಆಕ್ಸಿಹೈಡ್ರಾಕ್ಸೈಡಿನ ನ್ಯಾನೋ ಕಣಗಳನ್ನು ಕೈಟೋಸಾನ್ ಎಂಬ ಜೈವಿಕ ಪಾಲಿಮರಿನ ಜಾಲದಲ್ಲಿ ಕೂರಿಸಿತು.

ಪ್ರಯೋಗಾಲಯದ ಗೆಲುವು ಹಳ್ಳಿಯಲ್ಲಿ ಉಳಿಯಲಿಲ್ಲ. ಪಶ್ಚಿಮ ಬಂಗಾಳದಲ್ಲಿ ಆರ್ಸೆನಿಕ್ ತೆಗೆಯುವ 19 ಘಟಕಗಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಯಾವುದೊಂದೂ 10 ಮೈಕ್ರೋಗ್ರಾಂ ಮಿತಿಯೊಳಗೆ ನಿರಂತರವಾಗಿ ನಿಲ್ಲಲಿಲ್ಲ. ಕಾರಣಗಳು ಹಲವು. ಮೂರು ವೇಲೆನ್ಸಿಯ ಆರ್ಸೆನಿಕ್ಕಿಗೆ ಸಾಮಾನ್ಯ ನೀರಿನಲ್ಲಿ ವಿದ್ಯುದಾವೇಶವಿಲ್ಲ, ಆದ್ದರಿಂದ ಹಲವು ಹೀರುಕಗಳಿಂದ, ಅಂದರೆ ವಿಷ ಹಿಡಿದಿಡುವ ವಸ್ತುಗಳಿಂದ, ಅದು ತಪ್ಪಿಸಿಕೊಳ್ಳುತ್ತದೆ. ನೀರಿನಲ್ಲಿರುವ ಫಾಸ್ಫೇಟ್, ಸಿಲಿಕೇಟ್‌ಗಳು ಹೀರುಕದ ಮೇಲ್ಮೈಯ ಅದೇ ಜಾಗಕ್ಕೆ ಪೈಪೋಟಿ ನಡೆಸುತ್ತವೆ. ಶೋಧಕವನ್ನು ತೊಳೆಯುವವರು, ನೀರನ್ನು ಪರೀಕ್ಷಿಸುವವರು ಇಲ್ಲದಿದ್ದರೆ ಎಂಥ ವಸ್ತುವೂ ಸೋಲುತ್ತದೆ.

ನನ್ನ ದೃಷ್ಟಿಯಲ್ಲಿ ಸಂಶೋಧನಾ ಸಾಹಿತ್ಯ ಅತಿ ಕಡಿಮೆ ಗಮನ ಕೊಟ್ಟಿರುವುದು ಬಳಸಿ ತುಂಬಿದ ಹೀರುಕಕ್ಕೆ. ಒಂದು ಗ್ರಾಂ ಎಷ್ಟು ಹಿಡಿಯಿತು ಎಂದು ಅಳೆಯುವ ಪ್ರಬಂಧಗಳು ಸಾವಿರಾರು. ಹಿಡಿದದ್ದು ಕೊನೆಗೆ ಎಲ್ಲಿ ಹೋಯಿತೆಂದು ಕೇಳುವವು ವಿರಳ. ಅದನ್ನು ಹೊಂಡಕ್ಕೆ ಸುರಿದರೆ ಗಾಳಿಯಿಲ್ಲದ ಕೆಸರಿನಲ್ಲಿ ಬಂಗಾಳದ ಆಳದ ಕ್ರಿಯೆಯೇ ಮರುಕಳಿಸಬಹುದು. ಅಮೆರಿಕದ ಲೀಹೈ ವಿಶ್ವವಿದ್ಯಾಲಯದ ಅರೂಪ್ ಸೆನ್‌ಗುಪ್ತ ತಂಡ 1990ರ ದಶಕದಿಂದ ಬಂಗಾಳದಲ್ಲಿ ನಡೆಸಿದ ಕೆಲಸ ಈ ಕಾರಣಕ್ಕೇ ಮುಖ್ಯ. ಅವರು ಹೀರುಕವಾಗಿದ್ದ ಅಲ್ಯುಮಿನಾವನ್ನು ಕಾಸ್ಟಿಕ್ ಸೋಡಾದಿಂದ ತೊಳೆದು ಮರುಬಳಸಿದರು. ತೊಳೆದ ವಿಷವನ್ನು ಕಬ್ಬಿಣದ ಗಸಿಯಲ್ಲಿ ಮತ್ತೆ ಹಿಡಿದು, ಗಾಳಿಯಾಡುವ ಮರಳಿನ ಹಾಸಿನ ಮೇಲೆ ಇಟ್ಟರು.

ಕರ್ನಾಟಕಕ್ಕೂ ಇದು ದೂರದ ಮಾತಲ್ಲ. ಯಾದಗಿರಿ ಜಿಲ್ಲೆಯಲ್ಲಿ, ಅದೇ ಜಿಲ್ಲೆಯ ಮಂಗಳೂರಿನ ಹಳೆಯ ಚಿನ್ನದ ಗಣಿಯ ಸಮೀಪದ ಕಿರದಳ್ಳಿ ತಾಂಡಾದಲ್ಲಿ ಆರ್ಸೆನಿಕ್‌ನ ಚರ್ಮರೋಗಗಳು ದಾಖಲಾಗಿವೆ. ಚಿನ್ನದ ಅದಿರಿನ ಜೊತೆಗಿರುವ ಆರ್ಸೆನೋಪೈರೈಟ್ ಗಾಳಿ, ನೀರು ತಗುಲಿದಾಗ ವಿಷ ಬಿಡುತ್ತದೆ. ಬಂಗಾಳದ ಗಾಳಿಯಿಲ್ಲದ ಮಣ್ಣಿನ ರಸಾಯನಕ್ಕಿಂತ ಇದು ಬೇರೆ. ಆದ್ದರಿಂದ ಅಲ್ಲಿ ಗೆದ್ದ ಶೋಧಕವನ್ನು ಇಲ್ಲಿಗೆ ತಂದು ನಿಲ್ಲಿಸುವ ಮೊದಲು ಈ ಬಾವಿಗಳ ಆರ್ಸೆನಿಕ್ ಯಾವ ರೂಪದ್ದು, ಜೊತೆಗೆ ಎಷ್ಟು ಸಿಲಿಕೇಟ್ ಇದೆ ಎಂದು ಅಳೆಯಬೇಕು. ತುಂಬಿದ ಹೀರುಕವನ್ನು ತಾಂಡಾದಿಂದ ಯಾರು, ಎಲ್ಲಿಗೆ ಒಯ್ಯುತ್ತಾರೆಂಬುದು ಟೆಂಡರಿನಲ್ಲೇ ಬರೆದಿರಬೇಕು.